ಸಿಟ್ಟು ಬಂದವರ ಸ್ಟೂಲು

ಡ್ರೈವಿಂಗ್ ಮೇಷ್ಟ್ರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಬೇಕಾದರೆ ಅವರ ಹತ್ತಿರ ಕಾರು ಕಲಿತವರನ್ನು ಕೇಳಿ ನೋಡಿ. ಕ್ಲಚ್ಚನ್ನು ಒಂಚೂರು ಬೇಗ ಬಿಟ್ಟರೆ ಸಾಕು, "ಏನಯ್ಯಾ, ಕಾಲಿಗೆ ಇರುವೆ ಕಚ್ಚಿತಾ?" ಅಂತ ಶುರು. ಇಂಡಿಕೇಟರ್ ಹಾಕಲು ಮರೆತರೆ, "ನೀನು ಎಡಕ್ಕೆ ಹೋಗ್ತೀಯ ಅಂತ ಹಿಂದಿನವನಿಗೆ ಕನಸು ಬೀಳುತ್ತಾ?" ಬಾಯಿ ಹೀಗೆ ಓಡುತ್ತಿದ್ದರೂ ಕಾಲು ಮಾತ್ರ ಸದಾ ತಮ್ಮ ಕಡೆಯ ಎರಡನೇ ಬ್ರೇಕಿನ ಮೇಲೆ. ಅಷ್ಟು ವರ್ಷದ ಸರ್ವೀಸಿನಲ್ಲಿ ಒಂದು ನಾಯಿಮರಿಗೂ ಪೆಟ್ಟು ಬೀಳಲು ಬಿಟ್ಟವರಲ್ಲ. ಊರವರಿಗೆಲ್ಲ ಬ್ರೇಕ್ ಹಾಕಿದ ಈ ಮನುಷ್ಯ ತಮ್ಮ ಬಾಯಿಗೆ ಒಂದು ಬ್ರೇಕ್ ಹಾಕಿಸಿಕೊಳ್ಳಲಿಲ್ಲ, ಅದೇ ಬಂದ ತಾಪತ್ರಯ.

ಸಿನಿಮಾ ಕ್ಯೂನಲ್ಲಿ ಜಗಳ. ಹೋಟೆಲಿನಲ್ಲಿ ಬಿಲ್ಲಿಗೆ ಮುಂಚೆ ಜಗಳ, ಬಿಲ್ಲು ಬಂದ ಮೇಲೆ ಇನ್ನೊಂದು. ಬಸ್ಸಿನಲ್ಲಿ ಕಿಟಕಿ ತೆಗೆದಿದ್ದಕ್ಕೆ ಒಂದು ಸಲ, ಮುಚ್ಚಿದ್ದಕ್ಕೆ ಒಂದು ಸಲ. ಅವರ ಹೆಂಡತಿಗೋ ಆಫೀಸಿನಲ್ಲೂ ಇದೇ ಹಣೆಬರಹ. ನೀರು ಸರಬರಾಜು ಕಚೇರಿಯ ದೂರು ಕಿಟಕಿಯಲ್ಲಿ ಕೂರುವ ಕೆಲಸ ಆಕೆಯದು. ನಲ್ಲಿಯಲ್ಲಿ ನೀರು ಬಾರದವರು, ಕೆಂಪು ನೀರು ಬಂದವರು, ನೀರೇ ಇಲ್ಲದೆ ಬಿಲ್ಲು ಬಂದವರು, ಎಲ್ಲರೂ ಬಂದು ಕಿರುಚುವುದು ಆಕೆಯ ಮುಖಕ್ಕೇ. ಜನ ಆಕೆಗೆ ಕೌಂಟರಮ್ಮ ಅಂತಲೇ ಹೆಸರಿಟ್ಟಿದ್ದರು. ಬೆಳಿಗ್ಗೆಯಿಂದ ಸಂಜೆವರೆಗೆ ಊರವರ ಕೂಗಾಟ, ಸಂಜೆ ಮೇಲೆ ಗಂಡನದು. ಆಕೆಯ ಕಿವಿಗೆ ಯಾರಾದರೂ ಒಂದು ಸನ್ಮಾನ ಮಾಡಬೇಕಿತ್ತು ಅಂತೀನಿ.

ಆಮೇಲೆ ಆ ಮದುವೆ ಬಂತು. ಕೌಂಟರಮ್ಮನ ತಂಗಿಯ ಮಗಳದೇ ಮದುವೆ. ಯಾರೋ ಮೇಷ್ಟ್ರ ಕಾರಿಗೆ ಅಡ್ಡವಾಗಿ ಕಾರು ನಿಲ್ಲಿಸಿದ್ದರು. ನಿಲ್ಲಿಸಿದವನನ್ನು ಊಟದ ಹಾಲಿನವರೆಗೆ ಹುಡುಕಿಕೊಂಡು ಹೋಗಿ, ಅವನು ತಟ್ಟೆ ಹಿಡಿದು ನಿಂತಿದ್ದಾಗಲೇ ಮೇಷ್ಟ್ರು ಗ್ರಹಚಾರ ಬಿಡಿಸತೊಡಗಿದರು. ಅವನೂ ಸುಮ್ಮನಿರುವ ಕುಳ ಅಲ್ಲ. ಕೌಂಟರಮ್ಮ ಓಡಿಬಂದು "ರೀ, ಬಿಡ್ರೀ, ಎಲ್ಲರೂ ನೋಡ್ತಿದ್ದಾರೆ" ಅಂತ ಗಂಡನ ಹೆಗಲ ಮೇಲೆ ಕೈ ಇಟ್ಟರು. ಮೇಷ್ಟ್ರು ತಿರುಗಿ ನೋಡದೆ ಹೆಗಲು ಕೊಡವಿದರು. ಕೊಡವಿದ ರಭಸಕ್ಕೆ ಆಕೆ ಆಯ ತಪ್ಪಿ ಹಿಂದಕ್ಕೆ ವಾಲಿ, ಜೋಡಿಸಿಟ್ಟಿದ್ದ ಸ್ಟೀಲ್ ತಟ್ಟೆಗಳ ಮೇಲೆ ಬಿದ್ದರು. ಆ ಸದ್ದಿಗೆ ಹಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆಕೆ ಎದ್ದು, ಬಟ್ಟೆ ಸರಿಮಾಡಿಕೊಂಡು, ಒಂದೊಂದಾಗಿ ತಟ್ಟೆ ಆರಿಸಿ ಮತ್ತೆ ಜೋಡಿಸಿಟ್ಟರು.

ಅವತ್ತು ಮನೆಗೆ ಬಂದ ಮೇಲೆ ಆಕೆ ಅದರ ಸುದ್ದಿಯನ್ನೇ ಎತ್ತಲಿಲ್ಲ. ಬೈದಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರವಾಗುತ್ತಿತ್ತು. ಅಡುಗೆ ಮಾಡಿದರು, ಬಡಿಸಿದರು, ದಿನದ ಮಾತು ದಿನ ಆಡಿದರು. ಗಂಡನ ಜೊತೆ ಹೊರಗೆ ಕಾಲಿಡುವುದನ್ನು ಮಾತ್ರ ನಿಲ್ಲಿಸಿಬಿಟ್ಟರು. "ಬರ್ತೀಯೇನೇ?" ಅಂತ ಮೇಷ್ಟ್ರು ಕೇಳಿದಾಗಲೆಲ್ಲ "ನೀವು ಹೋಗ್ಬನ್ನಿ" ಅನ್ನುವ ಒಂದೇ ಉತ್ತರ. ಮಾರ್ಕೆಟ್ಟಿಗೆ ಒಬ್ಬರೇ, ನೆಂಟರ ಮನೆಗೆ ಒಬ್ಬರೇ, ಮಗಳ ಮನೆಗೂ ಬೇರೆ ಬೇರೆ ಬಸ್ಸಿನಲ್ಲಿ. ತಪ್ಪಾಯಿತು ಅನ್ನುವ ಮಾತು ಮೇಷ್ಟ್ರ ನಾಲಿಗೆ ತುದಿವರೆಗೆ ಎಷ್ಟೋ ಸಲ ಬಂತು. ಊರವರನ್ನೆಲ್ಲ ಬೈಯಲು ಸಲೀಸಾಗಿ ಹೊರಳುವ ನಾಲಿಗೆ ಈ ಒಂದು ಮಾತಿಗೆ ಜಪ್ಪಯ್ಯ ಅಂದರೂ ಹೊರಳಲಿಲ್ಲ. ಹಾಗೇ ವರ್ಷಗಳು ಕಳೆದವು.

ಮೊಣಕಾಲು ನೋವು ಬಂದು ಡ್ರೈವಿಂಗ್ ಸ್ಕೂಲು ಬಿಟ್ಟ ಮೇಲೆ ಮೇಷ್ಟ್ರಿಗೆ ಡ್ರೋನಿನ ಹುಚ್ಚು ಹತ್ತಿತು. ಅವರ ಹಳೇ ಶಿಷ್ಯ ಒಬ್ಬ ಮದುವೆ ವಿಡಿಯೋ ತೆಗೆಯುವವನು. ಹೊಸದು ಕೊಂಡಾಗ ಹಳೆಯದನ್ನು ಮೇಷ್ಟ್ರಿಗೆ ಕೊಟ್ಟ. ಮೇಷ್ಟ್ರು ನಿಯಮದ ಮನುಷ್ಯ. ಮೊದಲು ಡ್ರೋನನ್ನು ನೋಂದಾಯಿಸಿ ನಂಬರು ಅಂಟಿಸಿದರು, ಪರೀಕ್ಷೆ ಬರೆದು ಪಾಸಾದರು, ಎಲ್ಲಿ ಹಾರಿಸಬಹುದು ಎಲ್ಲಿ ಕೂಡದು ಅಂತ ನಕ್ಷೆ ಬಾಯಿಪಾಠ ಮಾಡಿದರು. ಜನರ ತಲೆಯ ಮೇಲೆ ಬೇಡ, ಮನೆಗಳ ಮೇಲೆ ಬೇಡ, ಗೊತ್ತು ಮಾಡಿದ ಎತ್ತರ ದಾಟಬಾರದು, ಡ್ರೋನಿನಿಂದ ಕಣ್ಣು ಕೀಳಬಾರದು. ಊರಾಚೆ ಹಳೇ ಕಲ್ಲುಕ್ವಾರಿಯ ಬಯಲಿತ್ತು. ನಡುವೆ ಕ್ವಾರಿಯ ಗುಂಡಿಯಲ್ಲಿ ನೀರು ನಿಂತಿತ್ತು, ಒಂದು ಅಂಚಿಗೆ ವಾಕಿಂಗ್ ದಾರಿ, ಇನ್ನೊಂದು ಅಂಚಿಗೆ ಹೊಸ ಮನೆಗಳ ಸಾಲು. ಅಲ್ಲಿ ಹಾರಿಸಲು ಯಾವ ಅಡ್ಡಿಯೂ ಇರಲಿಲ್ಲ.

ಕಾನೂನಿನ ಅಡ್ಡಿ ಇರಲಿಲ್ಲ, ಅಷ್ಟೇ. ಜನರ ಅಡ್ಡಿ ಬೇಕಾದಷ್ಟಿತ್ತು. ತಲೆಯ ಮೇಲೆ ಏನೋ ಗುಂಯ್ ಅಂದರೆ ಜನ ಸುಮ್ಮನಿರುತ್ತಾರೆಯೇ? ಮೇಷ್ಟ್ರದು ಇನ್ನೊಂದು ವಿಚಿತ್ರ, ತಾವು ಸರಿ ಅಂತ ಗೊತ್ತಿದ್ದಷ್ಟೂ ಅವರಿಗೆ ಸಿಟ್ಟು ಹೆಚ್ಚು. ಮೊದಲ ಭಾನುವಾರವೇ ಅಂಗಿ ಜೇಬು ಹರಿಸಿಕೊಂಡು ಮನೆಗೆ ಬಂದರು.

ಕೌಂಟರಮ್ಮ ಜೇಬು ಹೊಲಿಯುತ್ತಾ ಕೇಳಿದರು. "ಜೇಬು ಹರಿದವನು ಏನಂದ?"

"ಏನಂತಾನೆ? ನಮ್ಮ ಮನೆ ಒಳಗೆ ಇಣುಕ್ತಿದ್ದೀಯ ಅಂದ."

"ನೀವೇನಂದ್ರಿ?"

"ನಿನ್ನ ಮನೇಲಿ ನೋಡೋಕೆ ಏನಯ್ಯಾ ಇದೆ ಅಂದೆ."

ಕೌಂಟರಮ್ಮನಿಗೆ ನಗು ತಡೆಯಲಾಗಲಿಲ್ಲ. ಸೂಜಿ ಕೆಳಗಿಟ್ಟು ನಕ್ಕರು. ಹೆಂಡತಿ ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ, ಮೇಷ್ಟ್ರು ಹರಿದ ಜೇಬನ್ನೂ ಮರೆತು ನೋಡುತ್ತಾ ಕೂತರು. ನಗು ನಿಂತ ಮೇಲೆ ಆಕೆ ಹೇಳಿದರು, "ಮುಂದಿನ ವಾರ ನಾನೂ ಬರ್ತೀನಿ. ನಿಮ್ಮ ಕೌಂಟರಿನಲ್ಲಿ ಜನ ಹೇಗಿದ್ದಾರೆ ನೋಡೋಣ. ಆದ್ರೆ ಒಂದು ಮಾತು ರೀ. ಬಂದವರ ಹತ್ರ ನಾನು ಮಾತಾಡ್ತೀನಿ, ನೀವು ಬಾಯಿ ಬಿಡಬಾರ್ದು. ಅಲ್ಲಿ ಒಂದು ಜಗಳ ಆಯ್ತೋ, ಅವತ್ತಿಗೆ ಮುಗೀತು. ಮತ್ತೆ ನಾನು ನಿಮ್ಮ ಜೊತೆ ಎಲ್ಲಿಗೂ ಬರಲ್ಲ."

ಮೇಷ್ಟ್ರು ತಲೆ ಆಡಿಸಿದರು. ಹೆಂಡತಿ ಜೊತೆಗೆ ಬರುತ್ತಾಳೆ ಅಂದರೆ ಅವರು ಏನು ಕೇಳಿದ್ದರೂ ಒಪ್ಪುತ್ತಿದ್ದರು.

ಬಯಲಿಗೆ ಬಂದ ಮೊದಲ ದಿನ ಕೌಂಟರಮ್ಮ ರಿಮೋಟಿನ ಸ್ಕ್ರೀನಿಗೆ ಬಿಸಿಲು ಬೀಳದ ಹಾಗೆ ಎರಡೂ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. ಕ್ವಾರಿಯ ನೀರು, ಬಯಲು, ದೂರದಲ್ಲಿ ಊರಿನ ಅಂಚು. "ಎಷ್ಟು ತೆಪ್ಪಗಿದೆ ರೀ ಊರು" ಅಂದರು. "ಒಬ್ಬರೂ ಕೂಗಾಡ್ತಿಲ್ಲ." ಮಾರನೇ ವಾರ ಮೇಷ್ಟ್ರು ಕೇಳುವ ಮುಂಚೆಯೇ ಫ್ಲಾಸ್ಕಿಗೆ ಕಾಫಿ ತುಂಬಿಕೊಂಡು ಬಾಗಿಲಲ್ಲಿ ನಿಂತಿದ್ದರು. ಅದರ ಪಕ್ಕ ಮಡಿಸುವ ಸ್ಟೂಲುಗಳು, ಎರಡಲ್ಲ, ಮೂರು.

"ಮೂರನೇದು ಯಾರಿಗೆ?"

"ಜಗಳಕ್ಕೆ ಬರೋರಿಗೆ. ನಿಂತವರ ಸಿಟ್ಟು ಇಳಿಯಲ್ಲ ರೀ, ಕೂರಿಸ್ಬೇಕು. ನಮ್ಮ ಆಫೀಸಲ್ಲಿ ಕಿಟಕಿ ಮುಂದೆ ಒಂದು ಕುರ್ಚಿ ಹಾಕಿಸಿದ ಮೇಲೆ ಯಾರೂ ಗಾಜು ಒಡೆದಿಲ್ಲ."

ಮೇಷ್ಟ್ರಿಗೆ ನಗು ಬಂತು, ಆದರೆ ಕೆಲಸ ನಡೆದದ್ದು ಹಾಗೆಯೇ. ಯಾರಾದರೂ ಕೈ ಬೀಸಿಕೊಂಡು ಬರುವುದು ಕಂಡರೆ ಕೌಂಟರಮ್ಮ ಎದ್ದು ನಾಲ್ಕು ಹೆಜ್ಜೆ ಎದುರು ಹೋಗುವರು. "ಬನ್ನಿ ಬನ್ನಿ, ಕೂತ್ಕೊಳ್ಳಿ, ಅಷ್ಟು ದೂರದಿಂದ ನಡ್ಕೊಂಡು ಬಂದಿದ್ದೀರಿ." ಬೈಯಲು ಬಂದವನಿಗೆ ಇದು ಲೆಕ್ಕಕ್ಕೇ ಸಿಗದ ಮಾತು. ಕೂತ ಮೇಲೆ ಕೈಗೆ ಕಾಫಿ ಲೋಟ. ಬಿಸಿ ಲೋಟ ಹಿಡಿದುಕೊಂಡು ಕೈ ಬೀಸಿ ಕೂಗಾಡಲು ಆಗುವುದಿಲ್ಲ, ಬೇಕಾದರೆ ಮನೆಯಲ್ಲಿ ಪ್ರಯತ್ನ ಮಾಡಿ ನೋಡಿ. ಅವರ ದೂರು ಪೂರ್ತಿ ಮುಗಿಯುವವರೆಗೆ ಆಕೆ ನಡುವೆ ಬಾಯಿ ಹಾಕುತ್ತಿರಲಿಲ್ಲ. ಮುಗಿದ ಮೇಲೆ ಸ್ಕ್ರೀನು ತೋರಿಸಿ, "ಏನು ಕಾಣ್ತಿದೆ ನೀವೇ ಹೇಳಿ" ಅನ್ನುವರು. ಪೊಲೀಸಿನವರೂ ಒಂದು ಸಲ ಬಂದರು. ಅವರಿಗೂ ಸ್ಟೂಲು, ಕಾಫಿ. ಕಾಗದ ನೋಡಿದರು, ಸಕ್ಕರೆ ಸ್ವಲ್ಪ ಕಮ್ಮಿ ಅಂದರು, ಹೋದರು.

ಒಬ್ಬ ಮಹಾನುಭಾವ ಮುಷ್ಟಿ ಗಾತ್ರದ ಕಲ್ಲು ಹಿಡಿದುಕೊಂಡೇ ಬಂದ. "ಇಳಿಸ್ತೀರೋ, ಹೊಡೆದು ಬೀಳಿಸ್ಲೋ?" ಅಂದ. ಮೇಷ್ಟ್ರ ಕಿವಿ ಬಿಸಿಯಾಯಿತು. ಕೌಂಟರಮ್ಮ ಮಾತ್ರ, "ಒಳ್ಳೇ ಹೊತ್ತಿಗೆ ಬಂದ್ರಿ ಸಾರ್. ಗಾಳಿಗೆ ಈ ಹಾಸು ಹಾರಿಹೋಗ್ತಿದೆ, ಆ ಕಲ್ಲು ಈ ಮೂಲೆಗೆ ಇಡಿ" ಅಂದರು. ಡ್ರೋನ್ ಇಳಿಸಲು ನೆಲದ ಮೇಲೆ ಹಾಸುವ ಪ್ಲಾಸ್ಟಿಕ್ ಹಾಸು ಅದು. ಆ ಮನುಷ್ಯ ತಬ್ಬಿಬ್ಬಾಗಿ ಕಲ್ಲಿಟ್ಟ. ಇಟ್ಟ ಮೇಲೆ ಬರಿಗೈಯಲ್ಲಿ ಏನು ಮಾಡುವುದು ತಿಳಿಯದೆ ಸ್ಟೂಲಿನ ಮೇಲೆ ಕೂತ. ಸ್ಕ್ರೀನು ನೋಡಿ, "ಇದರಲ್ಲಿ ನಮ್ಮ ಮನೆ ಕಾಣೋದೇ ಇಲ್ವಲ್ಲ" ಅಂತ ಬೇಜಾರು ಮಾಡಿಕೊಂಡ. ಆ ಕಲ್ಲು ಅವತ್ತಿನಿಂದ ಮೇಷ್ಟ್ರ ಚೀಲದಲ್ಲೇ ಉಳಿಯಿತು, ಹಾಸಿನ ನಾಲ್ಕನೇ ಮೂಲೆಗೆ.

ಕಣ್ಣು ಡ್ರೋನಿನ ಮೇಲಿರಬೇಕು, ಅಕ್ಕಪಕ್ಕ ನೋಡುವಂತಿಲ್ಲ. ಅದಕ್ಕೆ ಗಂಡ ಹೆಂಡತಿ ಒಂದು ಗುರುತು ಮಾಡಿಕೊಂಡಿದ್ದರು. ಎಡ ಹೆಗಲಿಗೆ ಎರಡು ಬೆರಳು ತಟ್ಟಿದರೆ ಯಾರೋ ಬರುತ್ತಿದ್ದಾರೆ ಅಂತ. ಪೂರ್ತಿ ಅಂಗೈ ಇಟ್ಟು ಒತ್ತಿದರೆ ತಕ್ಷಣ ಕೆಳಗಿಳಿಸಿ ಅಂತ. ಒಂದು ಸಲ ಹೆಗಲ ಹಿಂದಿನಿಂದ ಹದ್ದೊಂದು ಡ್ರೋನಿನ ಮೇಲೆ ಎರಗುವುದನ್ನು ಕೌಂಟರಮ್ಮ ಕಂಡು ಒತ್ತಿದಾಗ, ಮೇಷ್ಟ್ರು "ಯಾಕೆ? ಏನು?" ಅಂತ ವಿಚಾರಣೆ ಶುರುಮಾಡಿದ್ದರು. ಅಷ್ಟರಲ್ಲಿ ಒಂದು ರೆಕ್ಕೆಯ ತುದಿ ಮುರಿದು ಡ್ರೋನ್ ಕುಂಟುತ್ತಾ ಬಂತು. ಅವತ್ತಿಂದ ಅಂಗೈ ಬಿದ್ದರೆ ಪ್ರಶ್ನೆ ಇಲ್ಲ, ಎಲ್ಲಿದೆಯೋ ಅಲ್ಲೇ ನೇರ ಕೆಳಕ್ಕೆ.

ಆ ಕೈ ಹೆಗಲ ಮೇಲೆ ಬಿದ್ದಾಗ ಮೇಷ್ಟ್ರಿಗೆ ಏನಾಗುತ್ತಿತ್ತು ಅಂತ ಅವರು ಯಾರಿಗೂ ಹೇಳಿದವರಲ್ಲ. ಮದುವೆ ಹಾಲಿನಲ್ಲಿ ಕೊಡವಿಹಾಕಿದ್ದ ಅದೇ ಕೈ, ಅದೇ ಹೆಗಲು. ಕೆಲವು ಭಾನುವಾರ ಅವರು ಆಕಾಶ ನೋಡುತ್ತಾ ಹದ್ದು ಬರಲಿ ಅಂತ ಒಳಗೊಳಗೇ ಕಾಯುತ್ತಿದ್ದರು. ನಗಬೇಡಿ, ವಯಸ್ಸಾದ ಮೇಲೆ ಗಂಡಸರಿಗೆ ಬಾಯಿಬಿಟ್ಟು ಕೇಳಲಾಗದ್ದು ಬಹಳ ಇರುತ್ತದೆ.

ಇಷ್ಟು ಚೆನ್ನಾಗಿ ನಡೆಯುತ್ತಿದ್ದದ್ದು ಒಂದು ಭಾನುವಾರ ಎಡವಟ್ಟಾಯಿತು.

ಅವತ್ತು ವಾಕಿಂಗ್ ದಾರಿಯಿಂದ ಇಬ್ಬರು ಹೆಂಗಸರು ಕೈ ಎತ್ತಿ ಕರೆಯುತ್ತಿದ್ದರು. ಮುಖ ನೋಡಿದರೆ ದೂರು ಇರುವ ಹಾಗಿತ್ತು. "ನೀವು ಹಾರಿಸ್ತಿರಿ, ವಿಚಾರಿಸ್ಕೊಂಡು ಬರ್ತೀನಿ. ಅದನ್ನ ಹತ್ರ ತಂದಿಟ್ಕೊಳ್ಳಿ" ಅಂತ ಕೌಂಟರಮ್ಮ ಅತ್ತ ಹೋದರು. ಡ್ರೋನ್ ಆಗ ಕ್ವಾರಿಯ ಆಚೆ ದಡದ ಹತ್ತಿರವಿತ್ತು. ಮೇಷ್ಟ್ರು ತಕ್ಷಣ ವಾಪಸ್ಸು ತರಬೇಕಿತ್ತು. ಆದರೆ ನೀರಿನ ಅಂಚಿನಲ್ಲಿ ಬೆಳ್ಳಕ್ಕಿಗಳ ಸಾಲು ಕೂತಿತ್ತು. ಅವಳು ಬಂದು ನೋಡಲಿ, ಆಮೇಲೆ ತಂದರಾಯಿತು ಅಂದುಕೊಂಡು ಅಲ್ಲೇ ನಿಲ್ಲಿಸಿಕೊಂಡರು.

ಸ್ವಲ್ಪ ಹೊತ್ತಿಗೆ ಎಡ ಹೆಗಲ ಮೇಲೆ ಕೈ ಬಿತ್ತು. ಪೂರ್ತಿ ಅಂಗೈ. ಒತ್ತಿತು.

ಮೇಷ್ಟ್ರು ಯೋಚನೆ ಮಾಡಲಿಲ್ಲ. ಸ್ಕ್ರೀನಿನ ಕಡೆ ಕಣ್ಣು ಹಾಯಿಸಿದ್ದರೆ ಕೆಳಗೆ ನೀರಿರುವುದು ಕಾಣುತ್ತಿತ್ತು. ದೂರಕ್ಕೆ ಅವರಿಗೆ ಅದು ದಡದ ಮಣ್ಣಿನ ಮೇಲಿದ್ದ ಹಾಗೆ ಕಂಡಿತು. ರಿಮೋಟಿನ ಕಡ್ಡಿಯನ್ನು ಪೂರ್ತಿ ಕೆಳಕ್ಕೆ ಎಳೆದರು. ಡ್ರೋನ್ ನೆಟ್ಟಗೆ ಇಳಿಯಿತು, ಬೆಳ್ಳಕ್ಕಿಗಳು ಎದ್ದವು, ಒಂದು ಡುಬುಕ್ ಅನ್ನುವ ಸದ್ದು ಇಲ್ಲಿಯವರೆಗೆ ಕೇಳಿಸಿತು. ಸ್ಕ್ರೀನು ಕಪ್ಪಾಯಿತು.

"ಏನಾಯ್ತೇ? ಹದ್ದಾ?" ಅಂತ ಮೇಷ್ಟ್ರು ತಿರುಗಿದರು.

ಹಿಂದೆ ನಿಂತಿದ್ದವನು ಹೆಂಡತಿಯಲ್ಲ. ಮೂವತ್ತರ ಆಸುಪಾಸಿನ ಒಬ್ಬ ಗಂಡಸು. ಗಡ್ಡ ಬೆಳೆದಿತ್ತು, ಹುಬ್ಬಿನಲ್ಲಿ ಮೈದಾಹಿಟ್ಟು, ಕಣ್ಣು ನಿದ್ದೆಗೆಟ್ಟು ಕೆಂಪಗಾಗಿತ್ತು. ಅವನ ಕೈ ಇನ್ನೂ ಮೇಷ್ಟ್ರ ಹೆಗಲ ಮೇಲೇ ಇತ್ತು. "ಸಾರ್, ಒಂದು ನಿಮಿಷ" ಅಂದ. ಮೆತ್ತಗೆ ಅಂದ, ಪಾಪ.

ಮೇಷ್ಟ್ರ ಎದೆಯಿಂದ ಆ ಹಳೇ ಬಿಸಿ ಮೇಲೆ ಹತ್ತತೊಡಗಿತು. ಕತ್ತು, ಕಿವಿ, ನೆತ್ತಿ. ಬಾಯಿಗೆ ಬಂದ ಮಾತುಗಳನ್ನು ಇಲ್ಲಿ ಬರೆಯಲಾಗುವುದಿಲ್ಲ. ಹಲ್ಲು ಕಚ್ಚಿದರು. ಅಲ್ಲಿ ಒಂದು ಜಗಳ ಆಯ್ತೋ, ಅವತ್ತಿಗೆ ಮುಗೀತು. ಡ್ರೋನ್ ಹೋದರೆ ಹೋಯಿತು, ಅವಳ ಜೊತೆಯೂ ಹೋದರೆ ಏನು ಮಾಡುವುದು? ರಿಮೋಟನ್ನು ಎದೆಗೆ ಅವಚಿಕೊಂಡು, "ನಮಸ್ಕಾರ" ಅಂದರು. ಆ ನಮಸ್ಕಾರ ಕೇಳಿದ್ದರೆ ಎಂಥವನಿಗೂ ಹೆದರಿಕೆಯಾಗಬೇಕು, ಅಷ್ಟು ಕಷ್ಟದಲ್ಲಿ ಹೊರಬಂತು. "ಕೂತ್ಕೊಳ್ಳಿ" ಅಂತ ಸ್ಟೂಲಿನ ಕಡೆ ಕೈ ತೋರಿಸಿದರು.

ಅವನು ಹೆಗಲ ಮೇಲಿನ ಕೈ ತೆಗೆಯದೆಯೇ ಸ್ಟೂಲಿನ ಕಡೆ ನೋಡಿದ. ಅಷ್ಟರಲ್ಲಿ ಹಿಂದಿನಿಂದ ಒಂದು ಕೂಗು.

"ಏಯ್! ತೆಗೀ ಕೈ!"

ಮೇಷ್ಟ್ರು ಬೆಚ್ಚಿದರು. ಆ ಸ್ವರ ಅವರು ಕೇಳಿದ್ದೇ ಇಲ್ಲ. ಕೌಂಟರಮ್ಮ ಬಯಲಿಗೆ ಅಡ್ಡಲಾಗಿ ಓಡಿಬರುತ್ತಿದ್ದರು. ಒಂದು ಚಪ್ಪಲಿ ದಾರಿಯಲ್ಲೇ ಉಳಿದಿತ್ತು. ದೂರಿಗೆ ಬಂದಿದ್ದ ಇಬ್ಬರು ಹೆಂಗಸರು ತಮ್ಮ ದೂರು ಮರೆತು ಹಿಂದೆಯೇ ಓಡಿಬರುತ್ತಿದ್ದರು.

"ಯಾರಯ್ಯಾ ನೀನು? ಅವರ ಮೈಮೇಲೆ ಕೈ ಹಾಕೋಕೆ ಯಾರು ಹೇಳಿದ್ದು ನಿನಗೆ?"

"ಅಮ್ಮಾ, ನಾನು ಸುಮ್ನೆ..."

"ಏನು ಸುಮ್ನೆ? ಕರೆಯೋಕೆ ಬಾಯಿಲ್ವಾ ನಿನಗೆ? ಬಾಯೇನು ಬಾಡಿಗೆಗೆ ಕೊಟ್ಟಿದ್ದೀಯಾ?"

ವಾಕಿಂಗಿನವರು ನಿಂತರು. ಕ್ರಿಕೆಟ್ ಆಡುತ್ತಿದ್ದವರು ಬ್ಯಾಟು ಹಿಡಿದೇ ಬಂದರು. ಮನೆ ಸಾಲಿನ ಮಹಡಿಗಳ ಮೇಲೆ ತಲೆಗಳು ಕಂಡವು. ಒಬ್ಬ ಆಗಲೇ ಮೊಬೈಲ್ ಎತ್ತಿ ವಿಡಿಯೋ ಮಾಡತೊಡಗಿದ್ದ. ಇಷ್ಟು ವರ್ಷ ಕಿಟಕಿಯ ಹಿಂದೆ ಕೂತು ನುಂಗಿದ್ದನ್ನೆಲ್ಲ ಕೌಂಟರಮ್ಮ ಒಂದೇ ಸಲಕ್ಕೆ ವಾಪಸ್ಸು ಕೊಡುತ್ತಿದ್ದರು. ಎಂತೆಂಥ ಬೈಗುಳ! ಕಚೇರಿಯಲ್ಲಿ ಕೇಳಿದ್ದೊಂದೂ ಮರೆತಿರಲಿಲ್ಲ ಅಂತ ಕಾಣುತ್ತದೆ. ಆ ಬಡಪಾಯಿ ಇಂಗು ತಿಂದ ಮಂಗನ ಹಾಗೆ ನಿಂತಿದ್ದ.

"ಹೋಗ್ಲಿ ಬಿಡಿ ಅಮ್ಮಾ, ಕೈ ತಾನೇ ಇಟ್ಟಿದ್ದು" ಅಂದ ಗುಂಪಿನಲ್ಲಿ ಯಾರೋ.

"ಕೈ ತಾನೇನಾ?" ಕೌಂಟರಮ್ಮ ಅವನ ಕಡೆ ತಿರುಗಿದರು. ಕಣ್ಣು ತುಂಬಿಕೊಂಡಿತ್ತು. "ಆ ಹೆಗಲ ಮೇಲೆ ಒಂದು ಕೈ ಇಡೋಕೆ ನನಗೆ ಎಷ್ಟು ವರ್ಷ ಬೇಕಾಯ್ತು ಗೊತ್ತೇನ್ರೀ ನಿಮಗೆ? ಎಷ್ಟು ವರ್ಷ! ಇವನು ಯಾರೋ ದಾರೀಲಿ ಹೋಗೋನು, ಬಂದು ಹಾಗೇ ಇಟ್ಟುಬಿಟ್ಟ. ಇವರೂ ಸುಮ್ನೆ ಇಡಿಸ್ಕೊಂಡು ನಿಂತಿದ್ದಾರೆ!"

ಗುಂಪಿಗೆ ಏನೂ ಅರ್ಥವಾಗಲಿಲ್ಲ. ಮೇಷ್ಟ್ರಿಗೆ ಪೂರ್ತಿ ಅರ್ಥವಾಯಿತು. ನೆತ್ತಿಗೆ ಹತ್ತಿದ್ದ ಬಿಸಿ ಒಮ್ಮೆಗೇ ಇಳಿದುಹೋಯಿತು. ಮದುವೆ ಹಾಲಿನಲ್ಲಿ ಆಕೆ ಒಂದೊಂದಾಗಿ ಆರಿಸಿಟ್ಟ ತಟ್ಟೆಗಳು ನೆನಪಾದವು. ಅವತ್ತು ಎಲ್ಲರೂ ನೋಡುತ್ತಿದ್ದರು, ಇವತ್ತೂ ನೋಡುತ್ತಿದ್ದಾರೆ. ಏನಾದರೂ ಮಾಡಬೇಕಾದವರು ತಾವೇ, ಏನು ಮಾಡಬೇಕೋ ಅದನ್ನು ಇದೇ ಹೆಂಗಸು ವಾರ ವಾರ ಕಣ್ಣೆದುರಿಗೆ ಮಾಡಿ ತೋರಿಸಿದ್ದಾಳೆ.

ಮೇಷ್ಟ್ರು ರಿಮೋಟ್ ಕೆಳಗಿಟ್ಟರು. ಮೂರನೇ ಸ್ಟೂಲನ್ನು ಎತ್ತಿಕೊಂಡು ಹೋಗಿ ಹೆಂಡತಿಯ ಹಿಂದೆ ಇಟ್ಟರು.

"ಬಾ, ಕೂತ್ಕೋ. ಅಷ್ಟು ದೂರದಿಂದ ಓಡಿ ಬಂದಿದ್ದೀಯ."

ಕೌಂಟರಮ್ಮ ಸ್ಟೂಲನ್ನು ನೋಡಿದರು, ಗಂಡನನ್ನು ನೋಡಿದರು. ಬಾಯಿ ತೆರೆದಿತ್ತು, ಮುಂದಿನ ಬೈಗುಳ ಅಲ್ಲೇ ನಿಂತುಹೋಯಿತು. ಕೂತರು. ಮೇಷ್ಟ್ರು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಲೋಟ ಕೈಗೆ ಕೊಟ್ಟರು, ಅರ್ಧ ನೆಲಕ್ಕೆ ಚೆಲ್ಲಿತು. ಆಮೇಲೆ ಆಕೆಯ ಹೆಗಲ ಮೇಲೆ ತಮ್ಮ ಅಂಗೈ ಇಟ್ಟರು. ಆಕೆ ಕೊಡವಲಿಲ್ಲ.

"ತಪ್ಪಾಯ್ತು" ಅಂದರು ಮೇಷ್ಟ್ರು.

"ಅಯ್ಯೋ ಬಿಡಿ ಸಾರ್, ಪರವಾಗಿಲ್ಲ" ಅಂದ ಹುಬ್ಬಿಗೆ ಹಿಟ್ಟು ಮೆತ್ತಿಕೊಂಡಿದ್ದವನು.

ಕೌಂಟರಮ್ಮ ಕಾಫಿ ಲೋಟದೊಳಗೇ ನಕ್ಕರು, ಅಥವಾ ಅತ್ತರು, ಎರಡೂ ಒಟ್ಟಿಗೆ ಬಂತು. ಕೆಮ್ಮು ಹತ್ತಿತು. ವಿಡಿಯೋ ಮಾಡುತ್ತಿದ್ದವನು ಇದರಲ್ಲಿ ಇನ್ನೇನೂ ಸಾರವಿಲ್ಲ ಅಂದುಕೊಂಡು ಮೊಬೈಲ್ ಜೇಬಿಗೆ ಹಾಕಿಕೊಂಡ. ಗುಂಪು ಕರಗಿತು.

ಆಮೇಲೆ ಆ ಹಿಟ್ಟಿನ ಹುಬ್ಬಿನವನು ಹೇಳಿದ್ದು ಇಷ್ಟು. ಅವನು ಬೇಕರಿಯಲ್ಲಿ ರಾತ್ರಿ ಪಾಳಿಯವನು, ಒಲೆಯ ಮುಂದೆ ಕೆಲಸ. ಬೆಳಿಗ್ಗೆ ಬಂದು ಆ ಮನೆ ಸಾಲಿನ ಮಹಡಿಯ ಮೇಲಿನ ರೂಮಿನಲ್ಲಿ ಮಲಗುತ್ತಾನೆ. ಭಾನುವಾರ ಈ ಗುಂಯ್ ಸದ್ದಿಗೆ ನಿದ್ದೆ ಹತ್ತುವುದಿಲ್ಲ. "ಆ ಕಡೆ ಅಂಚಿಗೆ ಹಾರಿಸಿದ್ರೆ ಉಪಕಾರ ಆಗುತ್ತೆ ಅಂತ ಕೇಳೋಣ ಅಂತ ಬಂದೆ. ಎರಡು ಸಲ ಸಾರ್ ಸಾರ್ ಅಂದೆ, ಇವರು ತಿರುಗಲೇ ಇಲ್ಲ. ಕೈ ಇಟ್ಟೆ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಕಲ್ಲು ಹಿಡಿದು ಬಂದವನಿಗೆ ಕಾಫಿ ಕೊಟ್ಟು ಕಳಿಸಿದ್ದರು. ಬಯಲಿಗೆ ಮರ್ಯಾದೆಯಿಂದ ಬಂದವನು ಇವನೊಬ್ಬ, ಇವನಿಗೆ ಉಗಿದು ಉಪ್ಪಿನಕಾಯಿ ಹಾಕಿದ್ದಾಗಿತ್ತು. ಕೌಂಟರಮ್ಮ ಎದ್ದು ಸ್ಟೂಲನ್ನು ಅವನಿಗೆ ಬಿಟ್ಟುಕೊಟ್ಟರು. "ಕೂತ್ಕೊಳ್ಳಪ್ಪಾ. ಕ್ಷಮಿಸು, ನನ್ನ ಮೈಮೇಲೆ ನನಗೇ ಪ್ರಜ್ಞೆ ಇರಲಿಲ್ಲ" ಅಂದು ಉಳಿದ ಕಾಫಿಯೆಲ್ಲ ಅವನಿಗೇ ಬಗ್ಗಿಸಿದರು. ಅವನು ಕುಡಿದು, ಪ್ಯಾಂಟು ಮಡಚಿಕೊಂಡು, ಬೇಡ ಬೇಡ ಅಂದರೂ ಕೇಳದೆ ಕ್ವಾರಿಯ ನೀರಿಗಿಳಿದ. ಆಚೆ ದಡದಲ್ಲಿ ಸೊಂಟದ ಮಟ್ಟಕ್ಕೇ ನೀರು. ಕೆಸರು ಮೆತ್ತಿದ ಡ್ರೋನನ್ನು ಎತ್ತಿ ತಂದು ಹಾಸಿನ ಮೇಲೆ, ಕಲ್ಲಿನ ಪಕ್ಕ ಇಟ್ಟ.

ಡ್ರೋನ್ ಸತ್ತಿತ್ತು. ಮೇಷ್ಟ್ರು ಒರೆಸಿದರು, ಬಿಸಿಲಿಗಿಟ್ಟರು, ಫ್ಯಾನಿನ ಕೆಳಗಿಟ್ಟರು. ಶಿಷ್ಯನಿಗೆ ತೋರಿಸಿದರೆ ಅವನು ಬಿಚ್ಚಿ ನೋಡಿ ಸುಮ್ಮನೆ ಮುಚ್ಚಿಕೊಟ್ಟ. ವಾರವೆಲ್ಲ ಮೇಷ್ಟ್ರಿಗೆ ಊಟ ಸೇರಲಿಲ್ಲ. ಡ್ರೋನಿಗಾಗಿ ಅಂತ ಕೌಂಟರಮ್ಮ ಅಂದುಕೊಂಡಿರಬಹುದು. ಮೇಷ್ಟ್ರ ಚಿಂತೆ ಬೇರೆ. ಅವರು ಜಗಳವಾಡಲಿಲ್ಲ, ಕೊಟ್ಟ ಮಾತು ಉಳಿಸಿಕೊಂಡರು, ಸರಿ. ಆದರೆ ಹಾರಿಸಲು ಏನೂ ಇಲ್ಲದ ಮೇಲೆ ಅವಳು ಯಾಕೆ ಬರುತ್ತಾಳೆ? ಮತ್ತೆ ಅದೇ "ನೀವು ಹೋಗ್ಬನ್ನಿ." ಬರ್ತೀಯಾ ಅಂತ ಬಾಯಿಬಿಟ್ಟು ಕೇಳಲು ಧೈರ್ಯ ಸಾಲದೆ, ಪೇಪರು ತಲೆಕೆಳಗಾಗಿ ಹಿಡಿದುಕೊಂಡು ವಾರ ಕಳೆದರು.

ಭಾನುವಾರ ಬೆಳಿಗ್ಗೆ ಏಳಲು ಮನಸ್ಸಿಲ್ಲದೆ ಮಗ್ಗುಲು ಬದಲಿಸುತ್ತಿದ್ದಾಗ ಅಡುಗೆಮನೆಯಿಂದ ಫ್ಲಾಸ್ಕಿನ ಮುಚ್ಚಳ ತಿರುಗಿಸುವ ಸದ್ದು ಬಂತು. ಮೇಷ್ಟ್ರು ಎದ್ದು ಬಂದರು. ಬಾಗಿಲ ಬಳಿ ಸ್ಟೂಲುಗಳು ಒರಗಿ ನಿಂತಿದ್ದವು. ಕೌಂಟರಮ್ಮ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು.

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಬಯಲಿಗೆ. ಹೊತ್ತಾಯ್ತು, ಬೇಗ ಮುಖ ತೊಳ್ಕೊಳ್ಳಿ."

"ಡ್ರೋನ್ ಇಲ್ವಲ್ಲೇ."

"ಡ್ರೋನ್ ಇಲ್ಲದೆ ಅಲ್ಲಿಗೆ ಬರಬಾರ್ದು ಅಂತ ನಿಮ್ಮ ನಿಯಮದಲ್ಲಿ ಎಲ್ಲಾದ್ರೂ ಇದ್ಯಾ?"

ಮೇಷ್ಟ್ರು ನಿಯಮಗಳನ್ನೆಲ್ಲ ಮನಸ್ಸಿನಲ್ಲಿ ಒಮ್ಮೆ ತಿರುವಿಹಾಕಿದರು. ಇರಲಿಲ್ಲ. ಬಾಗಿ ಸ್ಟೂಲು ಎಣಿಸಿದರು.

"ಮೂರು ಯಾಕೆ? ಹಾರಿಸೋಕೇ ಏನೂ ಇಲ್ಲ, ಜಗಳಕ್ಕೆ ಯಾರು ಬರ್ತಾರೆ?"

"ಯಾಕೆ, ನಾವಿಬ್ಬರಿಲ್ವಾ?" ಅಂದರು ಕೌಂಟರಮ್ಮ.

ಮೇಷ್ಟ್ರು ಮುಖ ತೊಳೆದು ಬಂದು ಮೂರೂ ಸ್ಟೂಲನ್ನು ಒಟ್ಟಿಗೆ ಎತ್ತಿ ಬಲ ಹೆಗಲಿಗೆ ಹಾಕಿಕೊಂಡರು. ಎಡದ ಹೆಗಲು ಖಾಲಿ ಬಿಟ್ಟುಕೊಂಡು ಹೆಂಡತಿಯ ಹಿಂದೆ ಮೆಟ್ಟಿಲಿಳಿದರು.